ಹದಿನಾರೇಳ್ಲಿ ನೂರ ಹನ್ನೆರಡು

"ಶಾಲೆಯ ದಿನಗಳ ನೆನಪುಗಳನ್ನೇ ಬರೆಯಿರಿ ಸಾರ್, ಕಂಪ್ಯೂಟರಿನ ಗೊಡವೆ ನಿಮಗೇಕೆ?" ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಿಂದೊಮ್ಮೆ ಬರೆದಿದ್ದ. ಅವನ ಮಾತನ್ನು ಅಲ್ಲಗಳೆಯಲಾರೆ. ಮೂವತ್ತೊಂದು ವರ್ಷ ಸೀಮೆಸುಣ್ಣ ಹಿಡಿದ ಕೈಗೆ ಮೌಸು ಒಗ್ಗಿದ್ದು ನಿವೃತ್ತಿಯ ನಂತರವೇ. ಆದರೂ ಈ ಸಲ ಆ ವಿಷಯವನ್ನೇ ಎತ್ತಿಕೊಂಡಿದ್ದೇನೆ. ನಮ್ಮ ಅಕ್ಕನ ಲ್ಯಾಪ್‌ಟಾಪಿಗೆ ಏನಾಗಿತ್ತು, ಅದು ಹೇಗೆ ಸರಿಹೋಯಿತು ಎಂದು ಬಂಧುಗಳಲ್ಲಿ ಹತ್ತಾರು ಜನ ಫೋನಿನಲ್ಲಿ ವಿಚಾರಿಸಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಗಂಟಲು ಒಣಗಿದೆ. ಅಲ್ಲದೆ, "ಈ ಲೆಕ್ಕ ಮುಂದೆ ಯಾವ ಉಪಯೋಗಕ್ಕೆ ಬರುತ್ತದೆ?" ಎಂದು ಹಿಂದಿನ ಬೆಂಚಿನಿಂದ ಕೇಳುತ್ತಿದ್ದವರಿಗೆ ಸಲ್ಲಬೇಕಾದ ಒಂದು ಉತ್ತರವೂ ಇದರಲ್ಲಿದೆ.

ಅಕ್ಕನನ್ನು ಅರಿಯದವರಿಗಾಗಿ ಎರಡು ಮಾತು. ಅವಳು ಹುಟ್ಟಿದ್ದು 1948ರಲ್ಲಿ, ನನಗಿಂತ ಹನ್ನೊಂದು ವರ್ಷ ಹಿರಿಯಳು. ಏಳನೆಯ ತರಗತಿಯನ್ನು ಶಾಲೆಗೇ ಮೊದಲಿಗಳಾಗಿ ಮುಗಿಸಿದಳು. ಆ ವರ್ಷ ನಮ್ಮ ತಾಯಿ ಹಾಸಿಗೆ ಹಿಡಿದಿದ್ದರು. ಮನೆಯಲ್ಲಿ ಎರಡು ವರ್ಷದ ಕೂಸು ನಾನು. ಪ್ರೌಢಶಾಲೆ ಇದ್ದದ್ದು ಸಾಗರದಲ್ಲಿ. ನಮ್ಮ ಊರಿಗೆ ಬಸ್ಸಿರಲಿಲ್ಲ. ಅಲ್ಲಿಗೆ ಅವಳ ಶಾಲೆ ನಿಂತಿತು. ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು, ಒಲೆಯ ಮುಂದೆ ಮಗ್ಗಿ ಹೇಳುತ್ತಲೇ ಅಡುಗೆ ಮಾಡುತ್ತಿದ್ದಳಂತೆ. ನನಗೆ ಮಾತು ಬರುವ ಮೊದಲು ಮಗ್ಗಿ ಬಂತೆಂದು ನಮ್ಮ ಸೋದರತ್ತೆ ಹೇಳುತ್ತಿದ್ದರು. ಇದರಲ್ಲಿ ಉತ್ಪ್ರೇಕ್ಷೆ ಎಷ್ಟೆಂಬುದನ್ನು ಓದುಗರೇ ನಿರ್ಧರಿಸಲಿ. ನಾನು ಮುಂದೆ ಬಿ.ಎಸ್‌ಸಿ. ಮಾಡಿ, ಬಿ.ಎಡ್. ಮಾಡಿ, ಗಣಿತದ ಮೇಷ್ಟರಾಗಿ ಊರೂರು ತಿರುಗಿದೆ. ಅಕ್ಕ ಮದುವೆಯಾಗಿ, ಅದೇ ತಾಲೂಕಿನ ಇನ್ನೊಂದು ಮೂಲೆಯ ಅಡಿಕೆ ತೋಟದ ಮನೆಗೆ ಹೋದಳು.

ಅವಳ ಬಳಿ ಒಂದು ಸಂಪತ್ತಿತ್ತು, ಹಾಡು. ಎಣ್ಣೆ ಅರಿಶಿನದ ಹಾಡು, ಹಸೆಗೆ ಕರೆಯುವ ಹಾಡು, ಬೀಗರ ಹಾಡು, ಸೀಮಂತದ ಹಾಡು, ಕೂಸನ್ನು ತೊಟ್ಟಿಲಿಗೆ ಹಾಕುವ ಹಾಡು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿಯ ನೀರು ನಿಂತಾಗ ಊರು ಬಿಟ್ಟವರಲ್ಲಿ ನಮ್ಮ ತಾಯಿಯ ಕಡೆಯ ಅನೇಕ ಮನೆಗಳಿದ್ದವು. ಚೆದುರಿಹೋದ ಆ ಮನೆಗಳ ಹೆಂಗಸರು ಯಾವ ಮದುವೆಯಲ್ಲಿ ಸಿಕ್ಕರೂ ಅಕ್ಕ ಅವರ ಪಕ್ಕದಲ್ಲಿ ಕುಳಿತು ಹಾಡು ಬರೆದುಕೊಳ್ಳುತ್ತಿದ್ದಳು. ಹಾಗೆ ತುಂಬಿದ ನೋಟ್‌ಪುಸ್ತಕಗಳು ಹನ್ನೊಂದು. ಮಲೆನಾಡಿನ ಮನೆಯಲ್ಲಿ ಕಾಗದಕ್ಕೆ ಎರಡು ಶತ್ರುಗಳು, ಬೂಷ್ಟು ಮತ್ತು ಗೆದ್ದಲು. ಮೂರು ಪುಸ್ತಕಗಳು ಗೆದ್ದಲಿನ ಪಾಲಾದ ಮೇಲೆ ಅವಳ ಮಗ 2018ರಲ್ಲಿ ಒಂದು ಪುಟ್ಟ ಲ್ಯಾಪ್‌ಟಾಪ್ ತಂದುಕೊಟ್ಟು, 'ನುಡಿ' ತಂತ್ರಾಂಶ ಹಾಕಿಕೊಟ್ಟ. ಎಪ್ಪತ್ತನೆಯ ವಯಸ್ಸಿನಲ್ಲಿ ಅಕ್ಕ ಕೀಲಿಮಣೆ ಕಲಿತಳು. ಕೆ.ಪಿ. ರಾವ್ ಅವರು ಕನ್ನಡಕ್ಕೆಂದು ರೂಪಿಸಿದ ಆ ಕೀಲಿಮಣೆಯ ವಿನ್ಯಾಸ ಎಷ್ಟು ಸಹಜವಾದುದೆಂಬುದಕ್ಕೆ ಅಕ್ಕನಿಗಿಂತ ಬೇರೆ ಸಾಕ್ಷಿ ಬೇಕಿಲ್ಲ; ಮೂರು ವಾರಗಳಲ್ಲಿ ಅವಳ ಬೆರಳುಗಳು ಅಕ್ಷರಗಳನ್ನು ಹುಡುಕುವುದನ್ನು ಬಿಟ್ಟವು. ದಿನಕ್ಕೊಂದು, ಎರಡು ದಿನಕ್ಕೊಂದು ಎಂದು 2025ರ ವೇಳೆಗೆ 340 ಹಾಡುಗಳು ಅದರೊಳಗಿದ್ದವು. ನೆನಪಿನಿಂದ ಬರೆದ, ಯಾವ ನೋಟ್‌ಪುಸ್ತಕದಲ್ಲೂ ಇಲ್ಲದ ಹಾಡುಗಳೂ ಅದರಲ್ಲಿದ್ದವು. ಮೊಮ್ಮಗಳ ಮದುವೆ ಡಿಸೆಂಬರಿನಲ್ಲಿ ನಿಶ್ಚಯವಾಗಿತ್ತು. ಬಂದವರಿಗೆಲ್ಲ ಹಾಡಿನ ಪುಸ್ತಕವನ್ನೇ ಕೊಡಬೇಕೆಂಬುದು ಅವಳ ಸಂಕಲ್ಪ.

ಆ ಯಂತ್ರ 2025ರ ಶ್ರಾವಣದಲ್ಲಿ ಹಟ ಹಿಡಿಯಿತು.

ನಡೆದದ್ದು ಇಷ್ಟು. ಹಿಂದಿನ ವರ್ಷ ಅಕ್ಕನಿಗೆ ಎರಡೂ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿ, ಹಲವು ತಿಂಗಳು ಲ್ಯಾಪ್‌ಟಾಪ್ ಕಪಾಟಿನಲ್ಲೇ ಉಳಿದಿತ್ತು. ಅದರೊಳಗಿದ್ದದ್ದು ವಿಂಡೋಸ್ 10ರ 1909 ಎಂಬ ಹಳೆಯ ಆವೃತ್ತಿ, 2019ರ ನವೆಂಬರಿನಲ್ಲಿ ಬಂದದ್ದು. ಆಮೇಲೆ ಅದಕ್ಕೆ ಅಂತರಜಾಲದ ಸಂಪರ್ಕ ದೊರೆತದ್ದೇ ಅಪರೂಪ. ಅಷ್ಟರಲ್ಲಿ ಮೊಮ್ಮಗಳ ಕೆಲಸಕ್ಕೆಂದು ಮನೆಗೆ ಫೈಬರ್ ತಂತಿ ಬಂತು. ಯಂತ್ರವನ್ನು ಅದಕ್ಕೆ ಜೋಡಿಸಿದ್ದೇ ತಡ, ಐದು ವರ್ಷದ ಬಾಕಿಯನ್ನೆಲ್ಲ ಒಂದೇ ದಿನ ತೀರಿಸುತ್ತೇನೆಂದು ಅದು ಹೊರಟಿತು. ಮೊದಲು ಕೆಂಪಕ್ಷರದಲ್ಲಿ ಏನೋ ಸಂಕೇತ ತೋರಿಸಿ ನಿಂತಿತು. ಮೊಮ್ಮಗಳು ಏನೋ ಮಾಡಿದಳು. ಇನ್ನೊಂದು ಸಂಕೇತ ಬಂತು. ಪುನಃ ಪ್ರಯತ್ನಿಸು ಎಂಬ ಗುಂಡಿ ಒತ್ತಿದಾಗಲೆಲ್ಲ ಗಂಟೆಗಟ್ಟಲೆ ಗಿರಗಿರನೆ ತಿರುಗಿ, ಕೊನೆಗೆ ಅದೇ ಸಂಕೇತ. ಇದೇ ಆಗಿದ್ದರೆ ಅಕ್ಕ ಕಡೆಗಣ್ಣಿನಿಂದಲೂ ಅದನ್ನು ನೋಡುತ್ತಿರಲಿಲ್ಲ. ಆದರೆ ಒಂದು ಬೆಳಗ್ಗೆ, ತೊಟ್ಟಿಲು ಹಾಡೊಂದನ್ನು ಟೈಪು ಮಾಡಿ ಉಳಿಸಲು ಹೊರಟಾಗ, ಜಾಗವಿಲ್ಲ, ಉಳಿಸಲಾಗದು ಎಂದು ಯಂತ್ರ ಹೇಳಿತು. ಆ ಹಾಡು ಹೋಯಿತು. ಮರುದಿನವೂ ಹಾಗೆಯೇ ಆಯಿತು.

ಪೇಟೆಯ ಅಂಗಡಿಗೆ ಒಯ್ದರು. ಆ ಅಂಗಡಿಯವನು ನನ್ನ ಹಳೆಯ ವಿದ್ಯಾರ್ಥಿಯೇ. ಇದನ್ನು ಓದುತ್ತಾನಾದ್ದರಿಂದ ಹೆಸರು ಹೇಳುವುದಿಲ್ಲ. "ಫಾರ್ಮ್ಯಾಟ್ ಮಾಡಿಬಿಡೋಣ, ಮಧ್ಯಾಹ್ನಕ್ಕೆ ಕೊಡುತ್ತೇನೆ. ಡಾಕ್ಯುಮೆಂಟ್ಸ್ ಕಾಪಿ ಮಾಡಿ ಇಟ್ಟುಕೊಳ್ಳುತ್ತೇನೆ" ಎಂದನಂತೆ. ದಿನಕ್ಕೆ ಹತ್ತು ಯಂತ್ರ ನೋಡುವವನ ಮಾತು ಅದು, ಅವನನ್ನು ದೂರುವಂತಿಲ್ಲ. ಆದರೆ ಅಕ್ಕ, ಎಂದೂ ತನ್ನ ವಸ್ತುವನ್ನು ಪರರ ಕೈಗೆ ಬಿಟ್ಟು ಬಂದವಳಲ್ಲ, ಅದನ್ನು ಚೀಲಕ್ಕೆ ಹಾಕಿಕೊಂಡು ವಾಪಸು ತಂದು, ಶಿವಮೊಗ್ಗದಲ್ಲಿದ್ದ ನನಗೆ ಫೋನು ಮಾಡಿಸಿದಳು. "ನೀನು ಬಾ" ಎಂದಿಷ್ಟೇ ಹೇಳಿದಳು.

ನಾನು ಹೋದೆ. ಒಂದು ಖಾಲಿ ಪೆನ್‌ಡ್ರೈವ್ ಜೇಬಿನಲ್ಲಿಟ್ಟುಕೊಂಡೇ ಹೋದೆ. ಇಂಥ ಸಂದರ್ಭದಲ್ಲಿ ರೋಗಿಯನ್ನು ಪರೀಕ್ಷಿಸುವುದಕ್ಕೂ ಮೊದಲು ಮಾಡಬೇಕಾದ ಕೆಲಸ ಕಡತಗಳ ಪ್ರತಿ ತೆಗೆಯುವುದು. ಇದು ಹೆದರುಪುಕ್ಕಲುತನವಲ್ಲ. 2018ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ಒಂದು ದೊಡ್ಡ ಪರಿಷ್ಕರಣೆ ಕೆಲವರ ದಾಖಲೆಗಳನ್ನೇ ಅಳಿಸಿತೆಂಬ ದೂರು ಬಂದು, ಮೈಕ್ರೋಸಾಫ್ಟ್ ಅದರ ವಿತರಣೆಯನ್ನು ಕೆಲವು ದಿನಗಳಲ್ಲೇ ನಿಲ್ಲಿಸಬೇಕಾಗಿ ಬಂದಿತ್ತು. ಡಾಕ್ಯುಮೆಂಟ್ಸ್ ತೆರೆದು ನೋಡಿದರೆ ಅಲ್ಲಿ ಇದ್ದದ್ದು ಎರಡು ವಿದ್ಯುತ್ ಬಿಲ್ಲು, ಒಂದು ಜಾತಕ. ಹಾಡು ಒಂದೂ ಇಲ್ಲ! ಎದೆ ಒಂದು ಕ್ಷಣ ಧಸಕ್ಕೆಂದಿತು. ಹುಡುಕಿದ ಮೇಲೆ ತಿಳಿದದ್ದೇನೆಂದರೆ, ಅಕ್ಕನ ಕಡತಗಳೆಲ್ಲ ನುಡಿ ತಂತ್ರಾಂಶವನ್ನು ಸ್ಥಾಪಿಸಿದ ಕೋಶದೊಳಗೇ ಕುಳಿತಿದ್ದವು. ಅಂಗಡಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ ಬಿಲ್ಲು, ಜಾತಕ ಉಳಿಯುತ್ತಿದ್ದವು; ಏಳು ವರ್ಷದ ಹಾಡು ಹೋಗುತ್ತಿತ್ತು. ವಿಂಡೋಸಿನಲ್ಲೇ ಇರುವ "ನನ್ನ ಕಡತಗಳನ್ನು ಉಳಿಸಿಕೊಂಡು ಮರುಹೊಂದಿಸು" ಎಂಬ ಸೌಲಭ್ಯವನ್ನು ನಂಬಿದ್ದರೂ ಗತಿ ಅದೇ. ಅದು ಬಳಕೆದಾರನ ಸ್ವಂತ ಕೋಶಗಳನ್ನು ಮಾತ್ರ ಉಳಿಸುತ್ತದೆ. ನಾವು ಹಾಕಿಕೊಂಡ ತಂತ್ರಾಂಶಗಳನ್ನು ಅವುಗಳ ಕೋಶಗಳ ಸಮೇತ ತೆಗೆದುಹಾಕುತ್ತದೆ. ಇದನ್ನು ಓದುವವರಲ್ಲಿ ಹಳೆಯ ನುಡಿ, ಬರಹ ಬಳಸುವವರು ಇನ್ನೂ ಇದ್ದೀರೆಂದು ಬಲ್ಲೆ. ನಿಮ್ಮ ಕಡತಗಳು ಎಲ್ಲಿವೆಯೆಂದು ಇಂದೇ ಒಮ್ಮೆ ನೋಡಿಕೊಳ್ಳಿ.

ಪ್ರತಿ ತೆಗೆದದ್ದಾಯಿತು. "ಇನ್ನು ಇದನ್ನು ಬಿಟ್ಟು ನನ್ನ ಲ್ಯಾಪ್‌ಟಾಪಿನಲ್ಲಿ ಮುಂದುವರಿಸಬಾರದೇ?" ಎಂದು ಕೇಳಿ, ಒಂದು ಕಡತವನ್ನು ನನ್ನದರಲ್ಲಿ ತೆರೆದು ತೋರಿಸಿದೆ. ಪರದೆಯ ತುಂಬ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ, ತಲೆಯ ಮೇಲೆ ಗೀಟು ಹೊತ್ತ ಎ, ನಡುನಡುವೆ ಪೌಂಡಿನ ಚಿಹ್ನೆ. ಹಳೆಯ ನುಡಿಯ ಅಕ್ಷರವಿನ್ಯಾಸ ಆ ಯಂತ್ರದಲ್ಲಿ ಇಲ್ಲದಿದ್ದರೆ ಕನ್ನಡ ಕಾಣುವುದು ಹಾಗೆ. ಅಕ್ಷರವಿನ್ಯಾಸವನ್ನು ಹಾಕಿಕೊಳ್ಳುವುದು ಐದು ನಿಮಿಷದ ಕೆಲಸವೆಂದು ಎಷ್ಟು ಹೇಳಿದರೂ, ತನ್ನ ಹಾಡು ಆ ವೇಷದಲ್ಲಿ ಕಂಡದ್ದೇ ಅಕ್ಕ ಮುಖ ತಿರುಗಿಸಿದಳು. "ನನಗೆ ನನ್ನದೇ ಸರಿಮಾಡಿಕೊಡು." ಕೈಗೆ ಒಗ್ಗಿದ ಒರಳನ್ನು ಬಿಟ್ಟು ಬೇರೆಯವರ ಮನೆಯ ಒರಳಿನಲ್ಲಿ ಯಾರು ತಾನೆ ರುಬ್ಬುತ್ತಾರೆ?

ಮೊದಲ ಸಂಕೇತದ ಮೂಲ ಬೇಗ ಸಿಕ್ಕಿತು. ಮೊಮ್ಮಗಳು ಅದನ್ನು ಫೋನಿನಲ್ಲಿ ಚಿತ್ರ ತೆಗೆದಿಟ್ಟಿದ್ದಳು: 80072ಎಫ್8ಎಫ್. ಪರದೆಯ ಮೂಲೆಯಲ್ಲಿ ಆ ದಿನದ ತಾರೀಖೂ ಇತ್ತು, 2018ರ ಜನವರಿ 1! ಬ್ಯಾಟರಿ ಪೂರ್ತಿ ಬರಿದಾಗಿ ತಿಂಗಳುಗಟ್ಟಲೆ ಕಪಾಟಿನಲ್ಲಿ ಕುಳಿತಾಗ ಒಳಗಿನ ಗಡಿಯಾರವೂ ನಿಂತು, ಎಚ್ಚರವಾದಾಗ ಅದು ತನ್ನ ಹುಟ್ಟಿದ ದಿನಕ್ಕೇ ಮರಳಿತ್ತು. ಅಂತರಜಾಲದಲ್ಲಿ ಎರಡು ಯಂತ್ರಗಳು ಗುಟ್ಟಾಗಿ ಮಾತಾಡಬೇಕಾದರೆ ಒಂದು ಇನ್ನೊಂದಕ್ಕೆ ಪ್ರಮಾಣಪತ್ರ ತೋರಿಸಬೇಕು. ಆ ಪತ್ರದಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಸಿಂಧು ಎಂದು ಬರೆದಿರುತ್ತದೆ. 2018ರಲ್ಲಿ ಕುಳಿತ ಯಂತ್ರಕ್ಕೆ 2025ರ ಪತ್ರ ತೋರಿಸಿದರೆ, ಇದಿನ್ನೂ ಹುಟ್ಟದವನು ತಂದ ಪತ್ರವೆಂದು ಬಾಗಿಲು ಹಾಕಿಕೊಳ್ಳುತ್ತದೆ. ಮೊಮ್ಮಗಳು ತಾರೀಖನ್ನು ತಿದ್ದಿದ್ದಳು, ಬಾಗಿಲು ತೆರೆದಿತ್ತು. ಆ ಚಿತ್ರವನ್ನು ಅಕ್ಕ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. "ಈ ತಾರೀಖಿನಲ್ಲಿ ನಿನ್ನ ಭಾವ ಇದ್ದರು" ಎಂದಳು.

ಎರಡನೆಯ ಸಂಕೇತ 80070070. ಇಲ್ಲಿ ಗಣಿತದ ಮೇಷ್ಟರಿಗೆ ಸ್ವಲ್ಪ ಅವಕಾಶ ಕೊಡಬೇಕು. ಈ ಸಂಖ್ಯೆಗಳನ್ನು ಕಂಡ ಕೂಡಲೇ ಜನ ಅವನ್ನು ಗೂಗಲಿನಲ್ಲಿ ಹುಡುಕಿ, ಸಿಕ್ಕ ಹತ್ತು ಔಷಧಿಗಳನ್ನೂ ಒಟ್ಟಿಗೇ ಕುಡಿಸುತ್ತಾರೆ. ಸಂಕೇತವೇ ತನ್ನ ಅರ್ಥವನ್ನು ಹೇಳುತ್ತದೆ, ಓದಲು ಬರಬೇಕು ಅಷ್ಟೆ. ಮೊದಲ ಅಂಕಿ 8 ಎಂದರೆ ಕೆಲಸ ವಿಫಲವಾಯಿತೆಂದು. ನಂತರದ 7 ಎಂದರೆ ದೂರು ಬಂದಿರುವ ಇಲಾಖೆ, ಇಲ್ಲಿ ವಿಂಡೋಸಿನ ಸಾಮಾನ್ಯ ದೋಷಗಳ ಇಲಾಖೆ. ಕೊನೆಯ ನಾಲ್ಕು ಅಂಕಿಗಳೇ ನಿಜವಾದ ದೂರು: 0070. ಆದರೆ ಇದು ಎಪ್ಪತ್ತು ಅಲ್ಲ. ಇದನ್ನು ಬರೆದಿರುವುದು ಹತ್ತರ ಲೆಕ್ಕದಲ್ಲಲ್ಲ, ಹದಿನಾರರ ಲೆಕ್ಕದಲ್ಲಿ. ಬಿಡಿಯ ಎಡಕ್ಕಿರುವುದು ಹದಿನಾರರ ಸ್ಥಾನ, ಅದರ ಎಡಕ್ಕೆ ಇನ್ನೂರೈವತ್ತಾರರ ಸ್ಥಾನ. ಒಂಬತ್ತಾದ ಮೇಲೆ ಅಂಕಿ ಸಾಲದೆ ಹತ್ತಕ್ಕೆ ಎ, ಹನ್ನೊಂದಕ್ಕೆ ಬಿ ಎಂದು ಹೋಗಿ ಹದಿನೈದಕ್ಕೆ ಎಫ್ ಇಡುತ್ತಾರೆ.

ಇದನ್ನು ಮೊಮ್ಮಗಳಿಗೆ ವಿವರಿಸುತ್ತಿದ್ದೆ. ಎಂಜಿನಿಯರಿಂಗ್ ಓದಿದ ಹುಡುಗಿ, ತಲೆಯಾಡಿಸುತ್ತ ಫೋನಿನಲ್ಲಿ ಗಣಕವನ್ನು ತೆರೆಯುತ್ತಿದ್ದಳು. ಬಾಳೆಲೆ ಒರೆಸುತ್ತ ಕುಳಿತಿದ್ದ ಅಕ್ಕ ಕೇಳಿದಳು: "ಹದಿನಾರಕ್ಕೆ ಒಂದು ಮೇಲಿನ ಮನೆಗೆ ಹೋಗುತ್ತದೆಯೋ? ಹಾಗಾದರೆ ಇದು ಆಣೆ ಲೆಕ್ಕ." ನಾನು ಬೆಕ್ಕಸಬೆರಗಾದೆ. ಹೌದಲ್ಲ! 1957ರ ಏಪ್ರಿಲ್ 1ರಂದು ದಶಮಾನ ನಾಣ್ಯ ಬರುವವರೆಗೆ ಈ ದೇಶದ ರೂಪಾಯಿಗೆ ಹದಿನಾರು ಆಣೆ. ಅಕ್ಕನಿಗೆ ಆಗ ಒಂಬತ್ತು ವರ್ಷ. ಅವಳು ಕಲಿತ ಮೊದಲ ಲೆಕ್ಕವೆಲ್ಲ ಆಣೆಯಲ್ಲೇ. ನಾನು ಹುಟ್ಟುವ ಹೊತ್ತಿಗೆ ಆಣೆ ಹೋಗಿ ನಾಲ್ಕಾಣೆ, ಎಂಟಾಣೆ ಎಂಬ ಹೆಸರುಗಳು ಮಾತ್ರ ಉಳಿದಿದ್ದವು. "ಏಳು ರೂಪಾಯಿ ಸೊನ್ನೆ ಆಣೆ. ಹದಿನಾರೇಳ್ಲಿ ನೂರ ಹನ್ನೆರಡು" ಎಂದು ಅಕ್ಕ ಎಲೆಯನ್ನು ಕೆಳಗಿಡದೆಯೇ ಹೇಳಿದಳು. ಮೊಮ್ಮಗಳ ಫೋನು ಆಮೇಲೆ ಅದನ್ನೇ ಹೇಳಿತು.

ಸಾಮಾನ್ಯ ದೋಷಗಳ ಪಟ್ಟಿಯಲ್ಲಿ 112 ಎಂದರೆ 'ಡಿಸ್ಕಿನಲ್ಲಿ ಸಾಕಷ್ಟು ಸ್ಥಳವಿಲ್ಲ' ಎಂದು. ಅದೇ ಪಟ್ಟಿಯಲ್ಲಿ 2 ಎಂದರೆ ಕಡತ ಸಿಗಲಿಲ್ಲ, 3 ಎಂದರೆ ದಾರಿ ಸಿಗಲಿಲ್ಲ, 5 ಎಂದರೆ ಪ್ರವೇಶವಿಲ್ಲ. ಆ ಮಧ್ಯಾಹ್ನ ಅಕ್ಕ ಬಿಡಲಿಲ್ಲ, ಮೊದಲಿನದನ್ನೂ ಕೇಳಿದಳು. 2ಎಫ್8ಎಫ್ ಎಂಬುದನ್ನು ಎರಡಾಗಿ ಸೀಳಿ, ಎರಡು ರೂಪಾಯಿ ಹದಿನೈದಾಣೆ, ಎಂದರೆ 47. ಎಂಟು ರೂಪಾಯಿ ಹದಿನೈದಾಣೆ, ಎಂದರೆ 143. 47ನ್ನು 256ರಿಂದ ಗುಣಿಸಿದರೆ 12032, ಅದಕ್ಕೆ 143 ಕೂಡಿಸಿದರೆ 12175. ಗುಣಾಕಾರವನ್ನು ಅವಳು ಹಾಲಿನ ಲೆಕ್ಕದ ಕ್ಯಾಲೆಂಡರಿನ ಹಿಂಬದಿಯಲ್ಲಿ ಮಾಡಿದಳು. 12175 ಎಂದರೆ ಸುರಕ್ಷಿತ ಸಂಪರ್ಕ ಏರ್ಪಡಲಿಲ್ಲವೆಂದು. ತಾರೀಖಿನ ಗೊಂದಲಕ್ಕೆ ಸರಿಯಾಗಿಯೇ ಇತ್ತು. 2024ರ ಜನವರಿಯಲ್ಲಿ ಲೋಕದ ಅಸಂಖ್ಯ ಯಂತ್ರಗಳಲ್ಲಿ ಕಾಣಿಸಿಕೊಂಡ 80070643 ಎಂಬ ಸಂಕೇತವನ್ನೂ ಬಿಡಿಸಿ ನೋಡಿದೆವು: 1603, ಸ್ಥಾಪನೆಯ ವೇಳೆ ಮಾರಕ ದೋಷ. ಅಲ್ಲಿಯ ನಿಜವಾದ ಕೊರತೆ ಬಹಳ ಸಣ್ಣದು. ಚೇತರಿಕೆಗೆಂದು ಮೀಸಲಿಟ್ಟ ಡಿಸ್ಕಿನ ಭಾಗದಲ್ಲಿ 250 ಎಂಬಿ ಖಾಲಿ ಇರಬೇಕಾಗಿತ್ತು, ಹಲವರಲ್ಲಿ ಇರಲಿಲ್ಲ. ಹೆಸರು ಮಾತ್ರ ಮಾರಕ.

ನಮ್ಮ ರೋಗಿಯದೂ ಜಾಗದ ಕೊರತೆಯೇ. ಡಬ್ಬದ ಮೇಲೆ 32 ಜಿಬಿ ಎಂದಿತ್ತು, ಯಂತ್ರ ತೋರಿಸಿದ್ದು 29 ಚಿಲ್ಲರೆ. ಇದರಲ್ಲಿ ಯಾರ ಮೋಸವೂ ಇಲ್ಲ. ತಯಾರಿಸುವವರು ಸಾವಿರ ಸಾವಿರವಾಗಿ ಅಳೆಯುತ್ತಾರೆ, ವಿಂಡೋಸ್ 1024ರಂತೆ ಅಳೆಯುತ್ತದೆ. ನಮ್ಮ ಕಡೆ ಮೊದಲು ಊರಿನ ಸೇರು ಬೇರೆ, ಪೇಟೆಯ ಸೇರು ಬೇರೆ ಇದ್ದ ಹಾಗೆ. ಆ 29ರಲ್ಲಿ ವಿಂಡೋಸಿಗೇ ಬಹುಪಾಲು ಹೋಗಿ, ಉಳಿದದ್ದು ಒಂದು ಜಿಬಿ. ಈ ಬಗೆಯ ಅಗ್ಗದ ಯಂತ್ರಗಳಲ್ಲಿ ಸಂಗ್ರಹವನ್ನು ಮುಖ್ಯ ಫಲಕಕ್ಕೇ ಬೆಸೆದಿರುತ್ತಾರಾದ್ದರಿಂದ ಬಿಚ್ಚಿ ದೊಡ್ಡದನ್ನು ಹಾಕುವಂತೆಯೂ ಇಲ್ಲ. ಪರಿಷ್ಕರಣೆ ಎಂದರೆ ಮನೆಯ ಮಾಡು ಬದಲಿಸಿದ ಹಾಗೆ. ಹೊಸ ಹೆಂಚನ್ನು ಮೊದಲು ಅಂಗಳದಲ್ಲಿ ಒಟ್ಟಬೇಕು, ಹಳೆಯದನ್ನು ಇಳಿಸಿ ಇನ್ನೊಂದು ಕಡೆ ಪೇರಿಸಬೇಕು, ಹೊಸದು ಸರಿಬರದಿದ್ದರೆ ಹಳೆಯದನ್ನೇ ಹೊದಿಸಬೇಕು. ಎರಡಕ್ಕೂ ಅಂಗಳದಲ್ಲಿ ಜಾಗ ಬೇಕು. ಇಲ್ಲಿ ಯಂತ್ರ ಹೆಂಚು ತರಿಸಿ ತರಿಸಿ ಅಂಗಳ ತುಂಬಿಸಿಕೊಂಡು, ಅಕ್ಕನ ಒಂದು ಪುಟ ಹಾಡಿಗೂ ಸ್ಥಳವಿಲ್ಲದಂತೆ ಮಾಡಿಕೊಂಡಿತ್ತು.

ಅಂಗಳ ಗುಡಿಸಿದೆವು. ಪರಿಷ್ಕರಣೆಯ ಸೇವೆಯನ್ನು ನಿಲ್ಲಿಸಿ, ಅರ್ಧ ಇಳಿದ ತುಣುಕುಗಳು ಕುಳಿತಿದ್ದ 'ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್' ಎಂಬ ಕೋಶವನ್ನು ಬರಿದು ಮಾಡಿ, ಸೇವೆಯನ್ನು ಮತ್ತೆ ಆರಂಭಿಸಿದೆವು. ಆ ಕೋಶವನ್ನು ವಿಂಡೋಸ್ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ, ಹೆದರಬೇಕಿಲ್ಲ. ತಾತ್ಕಾಲಿಕ ಕಡತಗಳು, ಕಸದ ಬುಟ್ಟಿ, ಮಗ ಯಾವಾಗಲೋ ತುಂಬಿಸಿದ್ದ ಯಕ್ಷಗಾನದ ವೀಡಿಯೋಗಳು ಹೊರನಡೆದವು. ನಿದ್ರಿಸುವಾಗ ತನ್ನ ನೆನಪನ್ನೆಲ್ಲ ಬರೆದಿಡಲು ಯಂತ್ರ ಕಾದಿರಿಸಿಕೊಳ್ಳುವ ಕಡತವೊಂದಿದೆ. 'ಪವರ್‌ಸಿಎಫ್‌ಜಿ' ಎಂಬ ಆದೇಶದಿಂದ ಆ ನಿದ್ರೆಯನ್ನೇ ರದ್ದು ಮಾಡಿದಾಗ ಇನ್ನೊಂದೂವರೆ ಜಿಬಿ ದೊರೆಯಿತು. ಆಮೇಲೆ 'ಡಿಸಮ್', 'ಎಸ್‌ಎಫ್‌ಸಿ' ಎಂಬ ಎರಡು ಪರೀಕ್ಷೆಗಳನ್ನು ಅದೇ ಅನುಕ್ರಮದಲ್ಲಿ ನಡೆಸಿದೆವು. ಮೊದಲನೆಯದು ಬಿಡಿಭಾಗಗಳ ಉಗ್ರಾಣವನ್ನು ಸರಿಮಾಡುತ್ತದೆ, ಎರಡನೆಯದು ಆ ಉಗ್ರಾಣದಿಂದ ಎತ್ತಿ ಹಾಳಾದದ್ದನ್ನು ಬದಲಿಸುತ್ತದೆ. ಉಗ್ರಾಣವೇ ಕೆಟ್ಟಿರುವಾಗ ಎರಡನೆಯದನ್ನು ಮೊದಲು ಮಾಡಿ ಪ್ರಯೋಜನವಿಲ್ಲ. ಎಲ್ಲ ಮುಗಿದಾಗ ಖಾಲಿ ಜಾಗ ಆರು ಜಿಬಿ. ಸಾಲದು.

ಇಷ್ಟೆಲ್ಲ ಪಾಡು ಏಕೆ, ಅಂತರಜಾಲದ ತಂತಿ ಕಿತ್ತು ಹಾಡು ಬರೆದುಕೊಂಡಿದ್ದರಾಗದೇ ಎಂದು ಕೇಳುವವರಿದ್ದಾರೆ. ಅಕ್ಕನೇ ಕೇಳಿದಳು. ಮುದ್ರಣಾಲಯಕ್ಕೆ ಕಡತ ಕಳುಹಿಸಬೇಕು, ಅವರು ತಿದ್ದಿದ್ದು ಬರಬೇಕು, ಪೆನ್‌ಡ್ರೈವುಗಳು ಓಡಾಡಬೇಕು. 2017ರ ಮೇ 12ರಂದು ವನ್ನಾಕ್ರೈ ಎಂಬ ಪಿಡುಗು ಲೋಕದ ಯಂತ್ರಗಳಿಗೆ ಬೀಗ ಹಾಕಿ ಹಣ ಕೇಳಿತಲ್ಲ, ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಪರಿಷ್ಕರಣೆ ಅದೇ ವರ್ಷದ ಮಾರ್ಚ್ 14ಕ್ಕೇ ಬಿಡುಗಡೆಯಾಗಿತ್ತು. ಎರಡು ತಿಂಗಳಾದರೂ ಅದನ್ನು ಹಾಕಿಕೊಳ್ಳದವರ ಮನೆಗೆ ಕಳ್ಳ ನುಗ್ಗಿದ. ಹಾಗೆಂದು ಪರಿಷ್ಕರಣೆಯೆಲ್ಲ ಅಮೃತವೂ ಅಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ದೋಷಯುಕ್ತ ಪರಿಷ್ಕರಣೆಯಿಂದ 85 ಲಕ್ಷ ಯಂತ್ರಗಳು ನೀಲಿ ಪರದೆ ಹೊದ್ದು ಮಲಗಿ, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪೆನ್ನಿನಿಂದ ಬರೆದ ಬೋರ್ಡಿಂಗ್ ಪಾಸು ಕೊಟ್ಟದ್ದನ್ನು ಪತ್ರಿಕೆಗಳಲ್ಲಿ ನೋಡಿದ್ದೀರಿ. ಬೇಲಿ ಕಟ್ಟುವವನು ಒಮ್ಮೊಮ್ಮೆ ಅಡಿಕೆ ಸಸಿಯನ್ನೂ ಕಡಿಯುತ್ತಾನೆ, ಆದರೆ ಬೇಲಿಯಿಲ್ಲದೆ ತೋಟ ಉಳಿಯುವುದಿಲ್ಲ ಎಂದೆ. ಅಕ್ಕ ಒಪ್ಪಿದಳು. ಇನ್ನೊಂದು ತುರ್ತೂ ಇತ್ತು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು. ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಪರಿಷ್ಕರಣೆಗಳನ್ನು ಮುಂದುವರಿಸುವ ಏರ್ಪಾಡನ್ನು ಮೈಕ್ರೋಸಾಫ್ಟ್ ಪ್ರಕಟಿಸಿತ್ತು, ಆದರೆ ಅದಕ್ಕೆ ಸೇರಬೇಕಾದರೆ ಯಂತ್ರದಲ್ಲಿ 22ಎಚ್2 ಎಂಬ ಕೊನೆಯ ಆವೃತ್ತಿ ಇರಲೇಬೇಕು. ವಿಂಡೋಸ್ 11ರ ಮಾತೇ ಇರಲಿಲ್ಲ. ಅದಕ್ಕೆ ಕನಿಷ್ಠ 64 ಜಿಬಿ ಜಾಗ ಬೇಕು.

ಜಾಗದ ಸಮಸ್ಯೆಗೆ ಉಪಾಯ ವಿಂಡೋಸಿನಲ್ಲೇ ಇದೆ. ಒಳಗೆ ಸ್ಥಳ ಸಾಲದಿದ್ದರೆ ಹತ್ತು ಜಿಬಿಗೂ ಮೀರಿ ಖಾಲಿಯಿರುವ ಪೆನ್‌ಡ್ರೈವನ್ನು ಅಂಗಳವಾಗಿ ಬಳಸಿಕೊಳ್ಳಲು ಅದು ಒಪ್ಪುತ್ತದೆ. ಪೇಟೆಯಿಂದ 32 ಜಿಬಿಯದೊಂದನ್ನು ತರಿಸಿದೆವು. (ಹಾಡಿನ ಪ್ರತಿಯಿದ್ದ ಪೆನ್‌ಡ್ರೈವ್ ನನ್ನ ಜೇಬಿನಲ್ಲೇ ಇತ್ತು, ಅದನ್ನು ಈ ಕೆಲಸಕ್ಕೆ ಬಳಸುವ ಮಾತೇ ಇಲ್ಲ.) "ಕಡತಗಳನ್ನೂ ತಂತ್ರಾಂಶಗಳನ್ನೂ ಉಳಿಸಿಕೋ" ಎಂಬುದನ್ನು ಆರಿಸಿ ಆರಂಭಿಸಿದೆವು. ಮೂರು ಗಂಟೆ ನಡೆಯಿತು. ಶೇಕಡಾ 48ಕ್ಕೆ ಬಂದು, ಪರದೆ ಕಪ್ಪಾಗಿ, "ಹಿಂದಿನ ಆವೃತ್ತಿಗೆ ಮರಳುತ್ತಿದ್ದೇವೆ" ಎಂದಿತು. ಹೊಸ ಸಂಕೇತ: ಸಿ1900101. ಇದು ಆಣೆ ಲೆಕ್ಕಕ್ಕೆ ಬಗ್ಗುವಂಥದಲ್ಲ, ಬೇರೆ ಜಾತಿಯದು. ಯಾವುದೋ ಚಾಲಕ ತಂತ್ರಾಂಶ ಅಡ್ಡ ಬಂದು ಸ್ಥಾಪನೆ ಹಿಂದಕ್ಕೆ ಸರಿಯಿತೆಂದು ಅದರರ್ಥ. ಹೊಸದನ್ನು ಹೊದಿಸುವಾಗ ಹಳೆಯ ತೊಲೆಯೊಂದು ಹೊಂದಲಿಲ್ಲ.

ಆ ರಾತ್ರಿ ಅಕ್ಕ ಊಟ ಮಾಡಲಿಲ್ಲ. ಉಪವಾಸದ ದಿನವೆಂದಳು, ಪಂಚಾಂಗದಲ್ಲಿ ಅಂಥ ದಿನವೇನೂ ಇರಲಿಲ್ಲ.

ಮುದ್ರಕವನ್ನು ಕಳಚಿದೆವು, ಹೊರಗಿನಿಂದ ಜೋಡಿಸಿದ ಮೌಸನ್ನೂ ಕಿತ್ತೆವು. ಒಳಗೆ ನೋಡಿದರೆ, ಯಂತ್ರ ಕೊಂಡಾಗ ಪುಕ್ಕಟೆಯಾಗಿ ಬಂದಿದ್ದ, ಅವಧಿ ಮುಗಿದು ಆರು ವರ್ಷವಾದರೂ ಬಾಗಿಲಲ್ಲಿ ಕುಳಿತೇ ಇದ್ದ ವೈರಸ್ ನಿರೋಧಕವೊಂದು ಸಿಕ್ಕಿತು. ಇಂಥ ತಂತ್ರಾಂಶಗಳು ವಿಂಡೋಸಿನ ಆಳಕ್ಕೆ ತಮ್ಮದೇ ಚಾಲಕಗಳನ್ನು ಇಳಿಸಿರುತ್ತವೆ. ಅದನ್ನು ಬೇರು ಸಮೇತ ತೆಗೆದೆವು. ಕಾವಲಿಗೆ ವಿಂಡೋಸಿನದೇ ಡಿಫೆಂಡರ್ ಸಾಕು. ಮರುಪ್ರಯತ್ನಕ್ಕೆ ಒದಗಿದ ದಿನ ಅಕ್ಟೋಬರ್ 1, ಮಹಾನವಮಿ. ಬೆಳಗ್ಗೆ ಏಳಕ್ಕೇ ಆರಂಭಿಸಿದೆವು, ಬ್ಯಾಟರಿಯ ಮೇಲೆ ನಂಬಿಕೆಯಿಲ್ಲದ್ದರಿಂದ ಮನೆಯ ಇನ್ವರ್ಟರಿಗೆ ಜೋಡಿಸಿ. ಹತ್ತಕ್ಕೆ ಆಯುಧಪೂಜೆ. ಕತ್ತಿ, ಗುದ್ದಲಿ, ಅಡಕತ್ತರಿಗಳ ಸಾಲಿನಲ್ಲಿ ಲ್ಯಾಪ್‌ಟಾಪೂ ಕೂರಬೇಕು, ಪೂಜೆಗಿಟ್ಟ ಆಯುಧವನ್ನು ಅಂದು ಮುಟ್ಟಬಾರದು. ಕೆಲಸದ ನಡುವೆ ಅದನ್ನು ಎತ್ತುವಂತಿಲ್ಲವೆಂದು ನಾನು ಪಟ್ಟು ಹಿಡಿದೆ. ಅಕ್ಕ ಸ್ವಲ್ಪ ಯೋಚಿಸಿ, ಗುದ್ದಲಿಗಳನ್ನೇ ಲ್ಯಾಪ್‌ಟಾಪಿನ ಪಕ್ಕಕ್ಕೆ ತರಿಸಿ ಅಲ್ಲೇ ಪೂಜೆ ಮಾಡಿಸಿದಳು. "ನಾವು ಮುಟ್ಟಿಲ್ಲ, ಅದೇ ತನ್ನ ಕೆಲಸ ಮಾಡಿಕೊಳ್ಳುತ್ತಿದೆ" ಎಂದು ಪುರೋಹಿತರಿಗೆ ಸಮಜಾಯಿಷಿ ಕೊಟ್ಟಳು. ಅರಿಶಿನ ಕುಂಕುಮ ಹಚ್ಚಿಸಿಕೊಂಡಾಗ ಅದು ಶೇಕಡಾ 31ರಲ್ಲಿತ್ತು. ಹನ್ನೊಂದಕ್ಕೆ ಊರಿನ ಲೈನು ಹೋಯಿತು, ಇನ್ವರ್ಟರು ಹಿಡಿದುಕೊಂಡಿತು. 48ನ್ನು ದಾಟಿದಾಗ ಮೊಮ್ಮಗಳು ಚಪ್ಪಾಳೆ ತಟ್ಟಿದಳು. ನಡುವೆ ಮೂರು ಸಲ ತಾನೇ ಆರಿ ತಾನೇ ಹತ್ತಿತು. ಮಧ್ಯಾಹ್ನ ಎರಡು ಕಾಲಿಗೆ ಅಕ್ಕನ ಹೆಸರಿದ್ದ ಪರದೆ ಬಂತು. ಆವೃತ್ತಿ 22ಎಚ್2.

ಮರುದಿನ, ವಿಜಯದಶಮಿಯಂದು, ಅವಳೇ ಅದನ್ನು ತೆರೆದಳು. ನುಡಿ ತೆರೆಯಿತು, 340 ಹಾಡೂ ಇದ್ದವು. ಉಳಿಸಲಾಗದೆ ಹೋಗಿದ್ದ ತೊಟ್ಟಿಲು ಹಾಡನ್ನು ಅವಳು ಮೊದಲು ಕುಟ್ಟಿ ಮುಗಿಸಿ, ಉಳಿಸಿ, ಮುಚ್ಚಿ, ಮತ್ತೆ ತೆರೆದು ನೋಡಿದಳು. ಹಾಗೆ ನಾಲ್ಕು ಸಲ ಮಾಡಿದಳು.

ಮುಂದುವರಿದ ಭದ್ರತೆಯ ಏರ್ಪಾಡಿಗೂ ಅಕ್ಟೋಬರ್ 14ರೊಳಗೆ ಸೇರಿಸಿದೆವು. ಮೈಕ್ರೋಸಾಫ್ಟಿನ ಖಾತೆಯೊಂದನ್ನು ತೆರೆದು ಯಂತ್ರದ ಹೊಂದಾಣಿಕೆಗಳನ್ನು ಅಲ್ಲಿ ಉಳಿಸಲು ಒಪ್ಪಿದರೆ ಶುಲ್ಕವಿರಲಿಲ್ಲ. ಇಲ್ಲದಿದ್ದರೆ 30 ಡಾಲರ್. ಅಂಗಳವಾಗಿದ್ದ ಪೆನ್‌ಡ್ರೈವನ್ನು ತಕ್ಷಣ ಅಳಿಸಬೇಡಿ, ಹಳೆಯ ಆವೃತ್ತಿಗೆ ಮರಳಬೇಕಾದರೆ ಅದು ಬೇಕು. ನಾವು ಅದನ್ನು ಒಂದು ತಿಂಗಳು ದೇವರ ಕೋಣೆಯಲ್ಲಿ ಇಟ್ಟಿದ್ದೆವು. ಪುಸ್ತಕ ಡಿಸೆಂಬರಿನ ಮದುವೆಗೆ ಮೂರು ದಿನ ಮೊದಲು ಮುದ್ರಣಾಲಯದಿಂದ ಬಂತು, 300 ಪ್ರತಿ.

ಈಗ ಅಕ್ಕ ಹಾಡುಗಳನ್ನು ಯೂನಿಕೋಡಿಗೆ ಬದಲಾಯಿಸುವ ಕೆಲಸ ಹಿಡಿದಿದ್ದಾಳೆ, ಯಾವ ಯಂತ್ರದಲ್ಲಿ ತೆರೆದರೂ ಕನ್ನಡ ಕನ್ನಡವಾಗಿಯೇ ಕಾಣಲೆಂದು. ಪರಿವರ್ತಕ ತಂತ್ರಾಂಶ ಬಹುಮಟ್ಟಿಗೆ ಸರಿಯಾಗಿಯೇ ಮಾಡುತ್ತದೆ. ಅರ್ಕಾವೊತ್ತು ಬಂದಲ್ಲಿ ಮಾತ್ರ ಒಮ್ಮೊಮ್ಮೆ ಎಡವುತ್ತದೆ, ಆದ್ದರಿಂದ ಸಾಲು ಸಾಲನ್ನೂ ಅವಳು ಕಣ್ಣಲ್ಲಿ ಓದಿಯೇ ಬಿಡುತ್ತಾಳೆ. ಒಂದು ಪ್ರತಿ ನನ್ನ ಬಳಿ ಇದೆ, ಒಂದು ಅವಳ ಮಗನ ಬಳಿ. ಮುಳುಗಡೆಯ ಊರುಗಳ ಕಡೆಯ ಹಾಡು ಯಾರ ಮನೆಯ ಹಳೆಯ ನೋಟ್‌ಪುಸ್ತಕದಲ್ಲಾದರೂ ಇದ್ದರೆ ಫೋನಿನಲ್ಲಿ ಚಿತ್ರ ತೆಗೆದು ಕಳುಹಿಸಿ. ಟೈಪು ಅವಳೇ ಮಾಡಿಕೊಳ್ಳುತ್ತಾಳೆ.